ಗೋಲ್‌ಪೋಸ್ಟಿನ ಆಚೆ: ಅರಬ್–ಯಹೂದಿ ಮಕ್ಕಳ ಆಟವನ್ನು ಹೇಳುವ ಮೂರು ಬರಹ, ಒಂದು ಸಿನಿಮಾ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

  

ಕನ್ನಡ ಸಾಹಿತ್ಯ ಓದುವವರಿಗೆ ಇಸ್ರೇಲಿನ ಮಕ್ಕಳ ಫುಟ್‌ಬಾಲಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕ್ರೀಡಾಶಾಸ್ತ್ರ ನನ್ನ ವಿಷಯವಲ್ಲ. ಹೀಬ್ರೂ, ಅರೇಬಿಕ್ ನನಗೆ ಬರುವುದಿಲ್ಲ. ಇಂಗ್ಲಿಷಿನ ಮೂಲಕ ಓದಿದ್ದೇನೆ. ಆದರೆ ಕಥೆಯೊಂದು ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ತಂದು ಮುಗಿಸುತ್ತಾರೆ, ಯಾರ ಮಾತು ಅದರಲ್ಲಿ ಕೇಳಿಸುವುದಿಲ್ಲ ಎಂದು ನೋಡುವುದನ್ನು ನಮ್ಮ ತರಗತಿಗಳಲ್ಲಿ ಕಲಿತಿದ್ದೇವೆ. ಆ ಕೆಲಸವನ್ನಷ್ಟೇ ಇಲ್ಲಿ ಮಾಡ್ತೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಅರಬ್ ಮತ್ತು ಯಹೂದಿ ಮಕ್ಕಳನ್ನು ಆಟದ ಮೂಲಕ ಹತ್ತಿರ ತರುವ ಪ್ರಯತ್ನಗಳು ಪೊಳ್ಳಲ್ಲ. ಮೈದಾನದೊಳಗೆ ನಿಜವಾಗಿಯೂ ಏನೋ ಆಗುತ್ತದೆ. ತೊಂದರೆ ಇರುವುದು ಅದನ್ನು ಹೇಳುವ ಕಥೆಯಲ್ಲಿ. ಆ ಕಥೆ ಬಹುಪಾಲು ಮೈದಾನದಲ್ಲೇ ಮುಗಿಯುತ್ತದೆ, ಮಕ್ಕಳು ಮನೆಗೆ ಹೋಗುವ ದಾರಿಯನ್ನು ಹೇಳುವುದಿಲ್ಲ. ಆ ದಾರಿಯನ್ನೂ ಸೇರಿಸಿ ಓದಿದರೆ ಮಾತ್ರ ಆಟದ ನಿಜವಾದ ಬೆಲೆ ಎಷ್ಟು ಎಂದು ತಿಳಿಯುತ್ತದೆ.

1. ಒಂದು ಸಿದ್ಧ ಕಥೆ

ಈ ಬಗೆಯ ವರದಿಗಳನ್ನು ನಾಲ್ಕೈದು ಓದಿದರೆ ಸಾಕು, ಐದನೆಯದರ ಕೊನೆಯನ್ನು ನಾವೇ ಹೇಳಬಹುದು. ಬೇರೆ ಬೇರೆ ಊರುಗಳಿಂದ ಎರಡು ಬಸ್ಸು ಬರುತ್ತವೆ. ಮಕ್ಕಳು ಮೊದಲು ತಮ್ಮ ತಮ್ಮವರ ಜೊತೆಗೇ ನಿಲ್ಲುತ್ತಾರೆ. ಕೋಚ್ ಎಲ್ಲರಿಗೂ ಒಂದೇ ಬಣ್ಣದ ಜೆರ್ಸಿ ಕೊಡುತ್ತಾರೆ. ಯಾರೋ ಪಾಸ್ ಕೊಡುತ್ತಾರೆ, ಯಾರೋ ಗೋಲು ಹೊಡೆಯುತ್ತಾರೆ, ಹೆಸರೇ ಗೊತ್ತಿಲ್ಲದ ಇಬ್ಬರು ತಬ್ಬಿಕೊಳ್ಳುತ್ತಾರೆ. ಅಲ್ಲಿ ಒಂದು ಫೋಟೊ. ಕಥೆ ಮುಗಿಯಿತು.

ಇದರ ಹಿಂದೆ ಒಂದು ಗಂಭೀರ ಸಿದ್ಧಾಂತ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರ ತನ್ನ ಪುಸ್ತಕದಲ್ಲಿ, ಪೂರ್ವಗ್ರಹವಿರುವ ಗುಂಪುಗಳು ಪರಸ್ಪರ ಒಡನಾಡಿದರೆ ಪೂರ್ವಗ್ರಹ ಕಡಿಮೆಯಾಗಬಹುದು ಎಂದ. ಅವನ ಮಾತನ್ನು ಉದ್ಧರಿಸುವವರು ಅವನ ಷರತ್ತುಗಳನ್ನು ಬಿಟ್ಟುಬಿಡುತ್ತಾರೆ. ಆ ಸಂದರ್ಭದಲ್ಲಿ ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಆಗಿರಬೇಕು, ಪರಸ್ಪರ ಸಹಕಾರ ಬೇಕು, ಕಾನೂನು ಅಥವಾ ಸಂಸ್ಥೆಗಳ ಬೆಂಬಲ ಇರಬೇಕು. ಬರೀ ಮುಖಾಮುಖಿಯಾದರೆ ಸಾಕು ಎಂದು ಅವನು ಹೇಳಲಿಲ್ಲ.

ಅದೇ 1954ರಲ್ಲಿ ಮುಜಫರ್ ಶೆರಿಫ್ ಮತ್ತು ಸಂಗಡಿಗರು ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಹನ್ನೊಂದು–ಹನ್ನೆರಡು ವರ್ಷದ ಹುಡುಗರನ್ನು ಎರಡು ಗುಂಪು ಮಾಡಿ ಪ್ರಯೋಗ ನಡೆಸಿದರು. ಅಲ್ಲಿ ಹುಡುಗರನ್ನು ಹಗೆಗಳನ್ನಾಗಿ ಮಾಡಿದ್ದು ಬೇಸ್‌ಬಾಲ್ ಮತ್ತು ಹಗ್ಗಜಗ್ಗಾಟ, ಅಂದರೆ ಆಟವೇ! ಹಗೆ ತಗ್ಗಿದ್ದು ಕೆಟ್ಟುಹೋದ ನೀರಿನ ವ್ಯವಸ್ಥೆಯನ್ನು ಸರಿಮಾಡುವಂಥ, ಎರಡೂ ಗುಂಪು ಸೇರದೆ ಆಗದ ಕೆಲಸಗಳನ್ನು ಕೊಟ್ಟಾಗ. ಆಟ ತಾನಾಗಿಯೇ ಜನರನ್ನು ಕೂಡಿಸುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಸರಳವಾದ ಉತ್ತರ ಬೇಕಿಲ್ಲ.

2. ಶೀರ್ಷಿಕೆಯಲ್ಲಿರುವ ಪ್ರಶ್ನಾರ್ಥಕ ಚಿಹ್ನೆ

ನಾನು ಓದಿದ ಮೊದಲ ಬರಹ ಜಾನ್ ಸಗ್ಡನ್ ಮತ್ತು ಜೇಮ್ಸ್ ವಾಲಿಸ್ ಸಂಪಾದಿಸಿದ 2007ರ ಪುಸ್ತಕ. ಅದರ ಹೆಸರು ‘ಫುಟ್‌ಬಾಲ್ ಫಾರ್ ಪೀಸ್?’ ಎಂದು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಂಟು, ಗಮನಿಸಿ. ಸಗ್ಡನ್ ಆಗ ಇಂಗ್ಲೆಂಡಿನ ಬ್ರೈಟನ್ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರಜ್ಞರಾಗಿದ್ದರು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್–ಪ್ರೊಟೆಸ್ಟೆಂಟ್ ಒಡಕಿನ ನಡುವೆ ಕ್ರೀಡೆ ಹೇಗೆ ನಡೆಯುತ್ತದೆ ಎಂದು ಅದಕ್ಕೂ ಮೊದಲೇ ಅಧ್ಯಯನ ಮಾಡಿದವರು. 2001ರಲ್ಲಿ ಗೆಲಿಲೀ ಪ್ರದೇಶದ ಇಬಿಲ್ಲಿನ್ ಎಂಬ ಅರಬ್ ಊರಿನಲ್ಲಿ ಸಣ್ಣ ಮಟ್ಟದಲ್ಲಿ ಶುರುವಾದ ಈ ಯೋಜನೆ ಆಮೇಲೆ ಹಲವು ಅರಬ್, ಯಹೂದಿ ಊರುಗಳಿಗೆ ಹಬ್ಬಿತು. ಬ್ರಿಟಿಷ್ ಕೌನ್ಸಿಲ್, ಜರ್ಮನಿಯ ಕಲೋನ್ ಕ್ರೀಡಾ ವಿಶ್ವವಿದ್ಯಾನಿಲಯ ಮುಂತಾದವು ಕೈಜೋಡಿಸಿದವು.

ಇಲ್ಲಿ ಒಂದು ಹಿನ್ನೆಲೆ ಹೇಳಬೇಕು. ಇಸ್ರೇಲಿನ ಪ್ರಜೆಗಳಲ್ಲಿ ಸುಮಾರು ಐದನೇ ಒಂದು ಪಾಲು ಅರಬರು. ವೆಸ್ಟ್ ಬ್ಯಾಂಕ್ ಮತ್ತು ಗಾಜಾದ ಪ್ಯಾಲೆಸ್ತೀನಿಯರ ಪರಿಸ್ಥಿತಿ ಬೇರೆ, ಇವರದು ಬೇರೆ; ಇವರಿಗೆ ಪೌರತ್ವ ಉಂಟು, ಮತ ಉಂಟು. ಆದರೆ ಹೆಚ್ಚಿನ ಊರುಗಳು ಬೇರೆ ಬೇರೆ. ಸರಕಾರಿ ಶಾಲೆಗಳೂ ಹೀಬ್ರೂ ಮಾಧ್ಯಮ, ಅರೇಬಿಕ್ ಮಾಧ್ಯಮ ಎಂದು ಬೇರೆ ಬೇರೆ. ಪಕ್ಕದ ಗುಡ್ಡದ ಮೇಲಿನ ಊರಿನ ಮಗುವನ್ನು ಒಮ್ಮೆಯೂ ಮಾತಾಡಿಸದೆ ಹತ್ತು ವರ್ಷ ದಾಟುವುದು ಅಲ್ಲಿ ಸಾಧ್ಯ. ಹಾಗಿರುವಾಗ ಕೆಲವು ದಿನಗಳ ಫುಟ್‌ಬಾಲ್ ಶಿಬಿರವನ್ನು ಸಣ್ಣದು ಎಂದು ಮೂಗು ಮುರಿಯಲಿಕ್ಕಾಗುವುದಿಲ್ಲ.

ಯೋಜನೆಯ ಕ್ರಮ ನನಗೆ ಇಷ್ಟವಾಯಿತು. ಅರಬ್ ಟೀಮು, ಯಹೂದಿ ಟೀಮು ಎಂದು ಎದುರುಬದುರು ನಿಲ್ಲಿಸುವುದಿಲ್ಲ, ಮಿಶ್ರ ಟೀಮುಗಳನ್ನೇ ಮಾಡುತ್ತಾರೆ. ಗೌರವ, ನಂಬಿಕೆ, ಜವಾಬ್ದಾರಿ, ಸಮಾನತೆ ಮತ್ತು ಒಳಗೊಳ್ಳುವಿಕೆ, ತಾಟಸ್ಥ್ಯ ಎಂಬ ಐದು ಮೌಲ್ಯಗಳನ್ನು ಆಟದೊಳಗಿಂದಲೇ ಕಲಿಸುವುದು ಗುರಿ. ಭಾಷಣ ಇಲ್ಲ. ಒಬ್ಬ ಹುಡುಗ ಬಿದ್ದವನನ್ನು ಎತ್ತಿದಾಗಲೋ, ಇನ್ನೊಬ್ಬ ಬೇಕೆಂದೇ ಪಾಸ್ ಕೊಡದಿದ್ದಾಗಲೋ ಕೋಚ್ ಆಟ ನಿಲ್ಲಿಸಿ ಅದರ ಬಗ್ಗೆ ಎರಡು ಮಾತಾಡುತ್ತಾರೆ. ಶೆರಿಫ್‌ನ ಶಿಬಿರದಿಂದ ಪಾಠ ಕಲಿತ ಕ್ರಮ ಇದು ಎಂದು ಧಾರಾಳವಾಗಿ ಹೇಳಬಹುದು.

ಪುಸ್ತಕದ ದೊಡ್ಡ ಗುಣ ಎಂದರೆ ಅನುಮಾನವನ್ನು ಮುಚ್ಚಿಡದಿರುವುದು. ಕ್ರೀಡೆ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ನಡೆಸುವವರು ಹೇಗೆ ನಡೆಸುತ್ತಾರೋ ಹಾಗೆ ಎಂಬುದು ಸಗ್ಡನ್ ಅವರ ನಿಲುವು. ಆಮೇಲಿನ ಬರವಣಿಗೆಯಲ್ಲಿ ಅವರು ಕೆರೆಯ ಅಲೆಗಳ ಹೋಲಿಕೆಯನ್ನು ತರುತ್ತಾರೆ. ಮಗುವಿನಿಂದ ಹೆತ್ತವರಿಗೆ, ಕೋಚ್‌ಗಳಿಗೆ, ಊರಿಗೆ, ಕೊನೆಗೆ ನೀತಿ ಮಾಡುವವರಿಗೆ ಪರಿಣಾಮ ಹರಡಬೇಕು ಎಂದು. ಹೋಲಿಕೆ ಚಂದ. ಆದರೆ ಅಲೆ ದೂರ ಹೋದಷ್ಟೂ ಸಣ್ಣದಾಗುತ್ತದೆ ಎಂಬುದೂ ಅದೇ ಹೋಲಿಕೆಯೊಳಗೆ ಉಂಟಲ್ಲ! ಪರಿಣಾಮ ಹೆಚ್ಚು ಬೇಕಾಗಿರುವುದು ಕೊನೆಯ ಸುತ್ತಿನಲ್ಲಿ, ಭೂಮಿ, ಶಾಲೆ, ಬಜೆಟ್ ನಿರ್ಧಾರ ಆಗುವ ಜಾಗದಲ್ಲಿ.

3. ತಾಟಸ್ಥ್ಯ ಯಾರಿಗೆ ಭಾರ?

ಐದು ಮೌಲ್ಯಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯದು. ತಾಟಸ್ಥ್ಯ ಅಂದರೆ ರಾಜಕೀಯವನ್ನು ಮೈದಾನದ ಹೊರಗೆ ಬಿಟ್ಟು ಬರುವುದು. ಇಲ್ಲದಿದ್ದರೆ ಹೆತ್ತವರು ಮಕ್ಕಳನ್ನು ಕಳಿಸುವುದೇ ಇಲ್ಲ, ಆದ್ದರಿಂದ ಇದು ಬೇಕು ಎಂದು ಒಪ್ಪೋಣ.

ಆದರೆ ಗೇಟಿನ ಹತ್ತಿರ ಇಬ್ಬರು ಮಕ್ಕಳು ಬಿಟ್ಟು ಬರುವ ಗಂಟು ಒಂದೇ ತೂಕದ್ದಲ್ಲ. ಯಹೂದಿ ಮಗುವಿನ ಗಂಟಿನಲ್ಲಿ ಭಯ ಇದೆ. ಎರಡನೇ ಇಂತಿಫಾದಾದ ವರ್ಷಗಳಲ್ಲಿ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಬಾಂಬ್ ಸ್ಫೋಟಗಳಾಗಿವೆ. ಅದರ ಹಿಂದೆ ಯುರೋಪಿನ ಹತ್ಯಾಕಾಂಡದ ಕುಟುಂಬ ಸ್ಮೃತಿ ಇದೆ. ಅದು ಸಣ್ಣದು ಎಂದು ನಾನು ಹೇಳುವುದಿಲ್ಲ. ಅರಬ್ ಮಗುವಿನ ಗಂಟಿನಲ್ಲಿ 1948ರಲ್ಲಿ ಕಳೆದುಹೋದ ಊರು, 1976ರಲ್ಲಿ ಭೂಸ್ವಾಧೀನದ ವಿರುದ್ಧ ಎದ್ದ ಪ್ರತಿಭಟನೆಯಲ್ಲಿ ಸತ್ತವರು, ಮತ್ತು ಇವತ್ತಿನ ದಿನಚರಿ ಇದೆ. ಅಂದರೆ ಒಬ್ಬನು ಬಿಟ್ಟು ಬರುವುದು ನೆನಪು ಮತ್ತು ಭಯವನ್ನು. ಇನ್ನೊಬ್ಬನು ಅವೆರಡರ ಜೊತೆ ಒಂದು ಬೇಡಿಕೆಯನ್ನೂ ಬಿಟ್ಟು ಬರಬೇಕು. ಈಗಿರುವ ವ್ಯವಸ್ಥೆಯ ಬಗ್ಗೆ ಮಾತಾಡದಿರುವುದೇ ತಾಟಸ್ಥ್ಯವಾದರೆ, ಬದಲಾವಣೆ ಕೇಳುವವನಿಗೇ ಅದರ ಖರ್ಚು ಜಾಸ್ತಿ.

ಪ್ಯಾಲೆಸ್ತೀನಿಯರ ಕಡೆಯಿಂದ ಈ ಟೀಕೆ ತೀವ್ರವಾಗಿಯೇ ಬಂದಿದೆ. 2004ರಲ್ಲಿ ಶುರುವಾದ ಶೈಕ್ಷಣಿಕ–ಸಾಂಸ್ಕೃತಿಕ ಬಹಿಷ್ಕಾರ ಚಳವಳಿ, ಹಕ್ಕುಗಳ ಮಾತೇ ಇಲ್ಲದ ಜಂಟಿ ಕಾರ್ಯಕ್ರಮಗಳನ್ನು ಅಸಹಜವನ್ನು ಸಹಜ ಮಾಡುವ ಕೆಲಸ ಎಂದು ಕರೆಯುತ್ತದೆ. ಹತ್ತು ವರ್ಷದ ಮಗುವಿಗೆ ಇನ್ನೊಂದು ಮಗುವಿನ ಮುಖ ನೋಡುವ ಅವಕಾಶವನ್ನೇ ತಪ್ಪಿಸುವುದು ನನಗೆ ಸರಿಕಾಣುವುದಿಲ್ಲ, ಆದ್ದರಿಂದ ಆ ನಿಲುವನ್ನು ಪೂರ್ತಿ ಒಪ್ಪಲಾರೆ. ಆದರೆ ಅವರು ಕೇಳುವ ಪ್ರಶ್ನೆಗೆ ‘ಇದು ಬರೀ ಆಟ’ ಎಂಬುದು ಉತ್ತರವಲ್ಲ.

ತಾಟಸ್ಥ್ಯದ ಇನ್ನೊಂದು ಮುಖ ಭಾಷೆ. ಇಸ್ರೇಲಿನಲ್ಲಿ ಅರಬ್ ಮಕ್ಕಳು ಶಾಲೆಯಲ್ಲಿ ಹೀಬ್ರೂ ಕಲಿಯುತ್ತಾರೆ. ಯಹೂದಿ ಮಕ್ಕಳಲ್ಲಿ ಅರೇಬಿಕ್ ಮಾತಾಡಬಲ್ಲವರು ಕಡಿಮೆ. ಹೀಗಿರುವಾಗ ಮಿಶ್ರ ಟೀಮಿನ ಮಾತು, ಬೇರೆ ಏರ್ಪಾಡು ಮಾಡದಿದ್ದರೆ, ತನ್ನಿಂದ ತಾನೇ ಯಾವ ಕಡೆಗೆ ಜಾರುತ್ತದೆ ಎಂದು ಹೇಳಬೇಕಾಗಿಲ್ಲ. ‘ಪಾಸ್ ಕೊಡು’ ಎಂದು ಯಾವ ಭಾಷೆಯಲ್ಲಿ ಕೂಗಬೇಕು ಎಂಬುದು ಸಣ್ಣ ಸಂಗತಿಯಲ್ಲ. ಒಬ್ಬನು ಎರಡು ಆಟ ಆಡುತ್ತಿರುತ್ತಾನೆ, ಚೆಂಡಿನದು ಒಂದು, ಅನುವಾದದ್ದು ಇನ್ನೊಂದು. 2018ರ ಜುಲೈಯಲ್ಲಿ ಅಂಗೀಕಾರವಾದ ರಾಷ್ಟ್ರ-ರಾಜ್ಯ ಕಾನೂನು ಅರೇಬಿಕ್‌ನ ಅಧಿಕೃತ ಭಾಷೆಯ ಸ್ಥಾನವನ್ನು ತೆಗೆದು ‘ವಿಶೇಷ ಸ್ಥಾನ’ ಎಂದು ಮಾಡಿತು. ಸಂಸ್ಥೆಗಳ ಬೆಂಬಲ ಬೇಕು ಎಂಬ ಆಲ್‌ಪೋರ್ಟ್‌ನ ಷರತ್ತನ್ನು ಇಲ್ಲಿ ನೆನಪಿಸಿಕೊಳ್ಳಿ. ಮೈದಾನದಲ್ಲಿ ಸಮಾನತೆ ಕಲಿಸುವಾಗ ಹೊರಗಿನ ಕಾನೂನು ಬೇರೆ ಪಾಠ ಹೇಳುತ್ತಿರುತ್ತದೆ.

4. ‘ಪ್ರಾಮಿಸಸ್’: ಆಟ ಮುಗಿದ ಮೇಲೆ

ಸಿದ್ಧ ಕಥೆಯನ್ನು ಮುರಿದ ಕೃತಿ ಎಂದು ನಾನು ಓದುವುದು 2001ರ ‘ಪ್ರಾಮಿಸಸ್’ ಎಂಬ ಸಾಕ್ಷ್ಯಚಿತ್ರವನ್ನು. ನಿರ್ದೇಶಕರು ಜಸ್ಟಿನ್ ಶಪಿರೊ, ಬಿ.ಝಡ್. ಗೋಲ್ಡ್‌ಬರ್ಗ್ ಮತ್ತು ಕಾರ್ಲೋಸ್ ಬೊಲಾಡೊ. ಆಸ್ಕರ್‌ಗೆ ನಾಮನಿರ್ದೇಶನಗೊಂಡ ಚಿತ್ರ. 1990ರ ದಶಕದ ಕೊನೆಯಲ್ಲಿ ಜೆರುಸಲೇಂ ಮತ್ತು ಸುತ್ತಮುತ್ತಲಿನ ಏಳು ಮಕ್ಕಳನ್ನು ಅದು ಕೆಲವು ವರ್ಷ ಹಿಂಬಾಲಿಸುತ್ತದೆ. ಕ್ರೀಡಾ ಯೋಜನೆಯ ಬಗೆಗಿನ ಚಿತ್ರ ಅಲ್ಲ ಇದು. ಆದರೆ ಮಕ್ಕಳನ್ನು ಹತ್ತಿರ ತರುವುದರಲ್ಲಿ ಆಟಕ್ಕೆ ದೊಡ್ಡ ಪಾಲುಂಟು. ಜೆರುಸಲೇಮಿನ ಯಹೂದಿ ಅವಳಿ ಸಹೋದರರಿಗೆ ವಾಲಿಬಾಲ್ ಹುಚ್ಚು. ಬೆತ್ಲೆಹೇಮ್ ಹತ್ತಿರದ ದೆಹೈಶೆ ನಿರಾಶ್ರಿತರ ಶಿಬಿರದ ಹುಡುಗನೊಬ್ಬ ಓಟಗಾರ.

ಅವಳಿಗಳು ದೆಹೈಶೆಗೆ ಹೋಗುತ್ತಾರೆ. ಇವರೇ ಯಾಕೆ ಅಲ್ಲಿಗೆ ಹೋಗಬೇಕಾಯಿತು? ಶಿಬಿರದ ಮಕ್ಕಳು ಪರವಾನಗಿ ಇಲ್ಲದೆ ಜೆರುಸಲೇಮಿಗೆ ಬರುವ ಹಾಗಿಲ್ಲ. ದಾರಿ ಒಂದೇ, ಆದರೆ ನಡೆಯಲಿಕ್ಕೆ ಅನುಮತಿ ಇರುವುದು ಒಂದೇ ಕಡೆಯಿಂದ. ಇದನ್ನು ಯಾರೂ ಭಾಷಣವಾಗಿ ಹೇಳುವುದಿಲ್ಲ, ಭೇಟಿಯ ದಿಕ್ಕೇ ಹೇಳುತ್ತದೆ. ಆ ದಿನ ಮಕ್ಕಳು ಆಡುತ್ತಾರೆ, ಉಣ್ಣುತ್ತಾರೆ, ನಗುತ್ತಾರೆ.

ಸಾಮಾನ್ಯ ವರದಿ ಇಲ್ಲಿ ಮುಗಿಯುತ್ತಿತ್ತು. ‘ಪ್ರಾಮಿಸಸ್’ ಮುಗಿಯುವುದಿಲ್ಲ. ಮಕ್ಕಳೆಲ್ಲ ಕೂತು ಮಾತಾಡುವಾಗ ಆ ಓಟಗಾರ ಹುಡುಗ ಅಳಲಿಕ್ಕೆ ಶುರುಮಾಡುತ್ತಾನೆ. ಚಿತ್ರ ಮಾಡುವವರು ಹೊರಟುಹೋಗುತ್ತಾರೆ, ಆಮೇಲೆ ಈ ಗೆಳೆತನದ ಗತಿ ಏನು ಎಂಬುದು ಅವನ ದುಃಖ. ಎರಡು ವರ್ಷದ ಮೇಲೆ ಕ್ಯಾಮೆರಾ ಮತ್ತೆ ಬಂದಾಗ ಸಂಪರ್ಕ ತೆಳುವಾಗಿರುತ್ತದೆ. ದ್ವೇಷದಿಂದಲ್ಲ, ಶಾಲೆ, ವಾಲಿಬಾಲ್, ಚೆಕ್‌ಪೋಸ್ಟ್, ದಿನನಿತ್ಯದ ಕೆಲಸಗಳಿಂದ.

ನನಗೆ ಈ ಭಾಗ ಇಡೀ ವಿಷಯದ ಕೇಂದ್ರ ಅನ್ನಿಸುತ್ತದೆ. ಇಷ್ಟೆಲ್ಲ ತಜ್ಞರು ಪುಸ್ತಕಗಳಲ್ಲಿ ಕೇಳುವ ಪ್ರಶ್ನೆಯನ್ನು ಆ ಹುಡುಗ ಆ ದಿನವೇ ಕೇಳಿಬಿಟ್ಟಿದ್ದಾನೆ. ಮಧ್ಯಸ್ಥನಿಲ್ಲದೆ ಈ ಸಂಬಂಧ ಉಳಿಯುತ್ತದೆಯೇ ಎಂದು. ಚಿತ್ರದ ಮೇಲೆ ನನಗೊಂದು ತಕರಾರೂ ಉಂಟು. ಅವನ ಅಳುವನ್ನು ಚಿತ್ರದ ಭಾವನಾತ್ಮಕ ಶಿಖರವನ್ನಾಗಿ ಮಾಡಿದ ಕ್ಯಾಮೆರಾವೇ ಅವನು ಹೇಳುತ್ತಿರುವ ಸಮಸ್ಯೆಯ ಭಾಗ. ನಮ್ಮ ಕಣ್ಣೀರು ತೆಗೆದುಕೊಂಡು ಚಿತ್ರ ಮುಂದೆ ಹೋಗುತ್ತದೆ, ಹುಡುಗ ದೆಹೈಶೆಯಲ್ಲೇ ಉಳಿಯುತ್ತಾನೆ. ಆದರೂ ಮನೆಗೆ ಹೋಗುವ ದಾರಿಯನ್ನು ತೋರಿಸುವ ಪ್ರಾಮಾಣಿಕತೆ ಈ ಚಿತ್ರಕ್ಕಿದೆ.

5. ಮಕ್ಕಳು ಯಾವ ಆಟ ನೋಡಿ ಬೆಳೆಯುತ್ತಾರೆ?

ಮಕ್ಕಳು ಆಡುವುದಷ್ಟೇ ಅಲ್ಲ, ದೊಡ್ಡವರ ಆಟ ನೋಡುತ್ತಾರೆ ಕೂಡ. ಇದಕ್ಕೆ ತಮೀರ್ ಸೊರೆಕ್ ಅವರ ಪುಸ್ತಕ (2007) ಸಹಾಯಕ್ಕೆ ಬರುತ್ತದೆ. ಇಸ್ರೇಲಿನ ಅರಬ್ ಪ್ರಜೆಗಳಿಗೆ ಫುಟ್‌ಬಾಲ್ ಒಂದು ‘ಒಳಗೊಳ್ಳುವ ಆವರಣ’ ಎಂದು ಅವರು ಹೇಳುತ್ತಾರೆ. ಆವರಣದೊಳಗೆ ಪ್ರತಿಭೆಗೆ ಬೆಲೆ ಉಂಟು, ಸಮಾನತೆಯ ಅನುಭವ ಉಂಟು. ಹೊರಗಿನ ನಿಯಮ ಬೇರೆ. ಒಳಗೆ ಸಿಗುವ ಮನ್ನಣೆ ಹೊರಗಿನ ಅಸಮಾನತೆಯನ್ನು ಬದಲಿಸುವುದಿರಲಿ, ಕೆಲವೊಮ್ಮೆ ಅದನ್ನು ಸಹ್ಯ ಮಾಡುತ್ತದೆ.

ಉದಾಹರಣೆಗೆ, 2004ರಲ್ಲಿ ಸಖ್ನಿನ್ ಎಂಬ ಅರಬ್ ಪಟ್ಟಣದ ಬ್ನೇ ಸಖ್ನಿನ್ ತಂಡ ಇಸ್ರೇಲಿನ ಸ್ಟೇಟ್ ಕಪ್ ಗೆದ್ದಿತು. ಅರಬ್, ಯಹೂದಿ, ವಿದೇಶಿ ಆಟಗಾರರಿದ್ದ ತಂಡ, ಕೋಚ್ ಯಹೂದಿ. 2005ರ ಮಾರ್ಚ್‌ನಲ್ಲಿ ಅದೇ ತಂಡದ ಅಬ್ಬಾಸ್ ಸುವಾನ್ ಇಸ್ರೇಲ್ ಪರವಾಗಿ ಐರ್ಲೆಂಡ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಸಮಬಲದ ಗೋಲು ಹೊಡೆದ. ದೇಶವೇ ಕುಣಿಯಿತು. ಅದಾಗಿ ಸ್ವಲ್ಪ ದಿನಕ್ಕೇ ಬೈತಾರ್ ಜೆರುಸಲೇಂ ತಂಡದ ಅಭಿಮಾನಿಗಳು, ಸುವಾನ್ ತಮ್ಮ ಪ್ರತಿನಿಧಿಯಲ್ಲ ಎಂಬ ಬ್ಯಾನರ್ ಹಿಡಿದರು. 2013ರಲ್ಲಿ ಅದೇ ಬೈತಾರ್‌ಗೆ ಚೆಚೆನ್ಯಾದ ಇಬ್ಬರು ಮುಸ್ಲಿಂ ಆಟಗಾರರು ಬಂದಾಗ ಕ್ಲಬ್ಬಿನ ಕಚೇರಿಗೆ ಬೆಂಕಿ ಬಿತ್ತು. ಅವರಲ್ಲೊಬ್ಬ ಗೋಲು ಹೊಡೆದಾಗ ಸ್ವಂತ ಅಭಿಮಾನಿಗಳೇ ಎದ್ದು ಹೊರಗೆ ಹೋದರು. ‘ಫಾರೆವರ್ ಪ್ಯೂರ್’ (2016) ಎಂಬ ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ದಾಖಲಾಗಿದೆ.

ಬೆಳಿಗ್ಗೆ ಮಿಶ್ರ ಟೀಮಿನಲ್ಲಿ ಆಡಿದ ಮಗು ಸಂಜೆ ಟಿ.ವಿ.ಯಲ್ಲಿ ಇದನ್ನು ನೋಡುತ್ತದೆ. ಎರಡೂ ಫುಟ್‌ಬಾಲೇ.

6. ಅಳತೆಗೆ ಸಿಕ್ಕಿದ್ದು

ಇಷ್ಟು ಹೇಳಿದ ಮೇಲೆ, ಹಾಗಾದರೆ ಇದೆಲ್ಲ ವ್ಯರ್ಥವಾ ಎಂದು ಕೇಳಬಹುದು. ಅದಕ್ಕೆ ಉತ್ತರವಾಗಿ ನನ್ನ ಮೂರನೆಯ ಬರಹ, ಸಲ್ಮಾ ಮೂಸಾ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಅದು ಅರಬ್–ಯಹೂದಿ ಪ್ರಕರಣವಲ್ಲ, ಇರಾಕಿನದು; ಆಡಿದವರು ಮಕ್ಕಳೂ ಅಲ್ಲ. ಐಸಿಸ್ ದಾಳಿಯಿಂದ ಊರು ಬಿಟ್ಟಿದ್ದ ಕ್ರೈಸ್ತರ ಹವ್ಯಾಸಿ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನೂ ಕೆಲವಕ್ಕೆ ಕ್ರೈಸ್ತರನ್ನೇ ಚೀಟಿ ಎತ್ತಿದ ಹಾಗೆ ಸೇರಿಸಿ, ಆಮೇಲೆ ಏನಾಯಿತು ಎಂದು ನೋಡಿದರು. ಮನಸ್ಸಿನಲ್ಲಿ ಏನುಂಟು ಎಂದು ಕೇಳಿದ್ದಷ್ಟೇ ಅಲ್ಲ, ನಡವಳಿಕೆಯನ್ನೂ ಅಳೆದರು. ಈ ವಿಷಯದಲ್ಲಿ ಇಷ್ಟು ಎಚ್ಚರದ ಅಳತೆ ಅಪರೂಪ, ಅದಕ್ಕೇ ಇದನ್ನು ತಂದದ್ದು.

ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು ಮುಂದಿನ ಋತುವಿಗೂ ಮಿಶ್ರ ತಂಡಕ್ಕೆ ಹೆಸರು ಕೊಟ್ಟರು. ಒಳ್ಳೆಯ ಕ್ರೀಡಾಮನೋಭಾವದ ಬಹುಮಾನಕ್ಕೆ ಬೇರೆ ತಂಡದ ಮುಸ್ಲಿಂ ಆಟಗಾರರಿಗೂ ಮತ ಹಾಕಿದರು. ಆರು ತಿಂಗಳ ನಂತರವೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುವವರು ಅವರಲ್ಲಿ ಹೆಚ್ಚಿದ್ದರು. ಆದರೆ ಮುಸ್ಲಿಂ ಬಹುಸಂಖ್ಯಾತ ಮೊಸುಲ್‌ನ ಹೋಟೆಲಿಗೆ ಹೋಗುವುದು, ಮಿಶ್ರ ಸಮಾರಂಭಕ್ಕೆ ಬರುವುದು ಇಂಥದರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಪರಿಚಯದ ಆಟಗಾರನ ಮೇಲೆ ಹುಟ್ಟಿದ ವಿಶ್ವಾಸ ಅಪರಿಚಿತನವರೆಗೆ ಹೋಗಲಿಲ್ಲ.

ಈ ಫಲಿತಾಂಶವನ್ನು ಸೋಲು ಎಂದು ಓದಬೇಕಾಗಿಲ್ಲ. ಆಟದಿಂದ ಇಷ್ಟಾಗುತ್ತದೆ, ಇದಕ್ಕಿಂತ ಹೆಚ್ಚನ್ನು ಅದರ ತಲೆಗೆ ಕಟ್ಟಬಾರದು ಎಂದು ಅದು ಹೇಳುತ್ತದೆ. ಸೊರೆಕ್ ಅವರ ‘ಆವರಣ’ವನ್ನೇ ಬೇರೆ ದೇಶದಲ್ಲಿ, ಬೇರೆ ವಿಧಾನದಲ್ಲಿ ಮತ್ತೆ ಕಂಡ ಹಾಗಾಯಿತು. ದೆಹೈಶೆಯ ಹುಡುಗ ಹೆದರಿದ್ದೂ ಇದಕ್ಕೇ.

ಕೊನೆಯದಾಗಿ

ಹಾಗಾದರೆ ಒಳ್ಳೆಯ ಯೋಜನೆಯನ್ನು, ಅದರ ಒಳ್ಳೆಯ ಬರಹವನ್ನು ಗುರುತಿಸುವುದು ಹೇಗೆ? ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮುಂದಿನ ವಾರವೂ ಇವರು ಸೇರುತ್ತಾರಾ, ಅಥವಾ ಫೋಟೊ ತೆಗೆದ ದಿನಕ್ಕೇ ಮುಗಿಯಿತಾ? ಎರಡೂ ಭಾಷೆಗಳು ಮೈದಾನದಲ್ಲಿ ಕೇಳಿಸುತ್ತವಾ? ‘ನೀನು ನಮ್ಮಲ್ಲಿಗೆ ಯಾಕೆ ಬರಲಿಕ್ಕಾಗುವುದಿಲ್ಲ’ ಎಂದು ಮಗು ಕೇಳಿದಾಗ ಉತ್ತರ ಹೇಳಲಿಕ್ಕೆ ದೊಡ್ಡವರು ಯಾರಾದರೂ ಇದ್ದಾರಾ? ಮೂರನೆಯದಕ್ಕೆ ಹೌದು ಎನ್ನುವ ಯೋಜನೆ ತಾಟಸ್ಥ್ಯವನ್ನು ಸ್ವಲ್ಪ ಬಿಡಬೇಕಾಗುತ್ತದೆ. ಆ ಅಪಾಯ ತೆಗೆದುಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಸಂವಾದದಿಂದ

ಪ್ರಶ್ನೆ: 2023ರ ಅಕ್ಟೋಬರ್ 7 ಮತ್ತು ಅನಂತರದ ಗಾಜಾ ಯುದ್ಧದ ಮೇಲೆ ಇಂಥ ಚರ್ಚೆಗೆ ಅರ್ಥ ಉಂಟಾ? ಅಷ್ಟೊಂದು ಸಾವಿನ ಮುಂದೆ ಮಕ್ಕಳ ಫುಟ್‌ಬಾಲ್ ಅನ್ನುವುದು ಸಣ್ಣ ಮಾತಲ್ವಾ?

ಉತ್ತರ: ಸಣ್ಣ ಮಾತೇ, ಸರ್. ಫುಟ್‌ಬಾಲ್ ಯುದ್ಧ ನಿಲ್ಲಿಸುವುದಿಲ್ಲ. ನಿಲ್ಲಿಸುತ್ತದೆ ಎಂದು ಯಾರಾದರೂ ಬರೆದರೆ ಅದನ್ನು ಟೀಕಿಸಬೇಕು. ಆದರೆ ಯುದ್ಧದ ಹೊತ್ತಿನಲ್ಲಿ ಇನ್ನೊಂದು ಕಡೆಯವರು ಅಂದರೆ ಬರೀ ಒಂದು ಸಂಖ್ಯೆ. ಒಂದು ಹೆಸರನ್ನಾದರೂ ಮುಖ ಸಹಿತ ಬಲ್ಲ ಮಗುವಿಗೆ ಹಾಗೆ ಯೋಚಿಸುವುದು ಸ್ವಲ್ಪ ಕಷ್ಟ ಆಗಬಹುದು. ಇಷ್ಟೇ ನಾನು ಹೇಳಬಲ್ಲೆ.

ಪ್ರಶ್ನೆ: ನೀವು ಕಾಸರಗೋಡಿನಲ್ಲಿ ಕನ್ನಡ ಓದುತ್ತಿರುವವರು. ಭಾಷೆಯ ಬಗ್ಗೆ ಹೇಳಿದ್ದು ನಮ್ಮ ಅನುಭವದಿಂದ ಬಂದದ್ದಾ?

ಉತ್ತರ: ಗಮನ ಅಲ್ಲಿಗೆ ಬೇಗ ಹೋದದ್ದು ಅದರಿಂದ, ಹೌದು. 1956ರಲ್ಲಿ ಕೇರಳಕ್ಕೆ ಸೇರಿದ ಊರು ನಮ್ಮದು. ಇಬ್ಬರು ಸೇರಿದಾಗ ಯಾರ ಭಾಷೆಗೆ ಮಾತು ತಿರುಗುತ್ತದೆ ಎಂದು ಅಲ್ಪಸಂಖ್ಯಾತ ಭಾಷೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲಬೇಕು. ನಮ್ಮ ಮಧ್ಯೆ ಚೆಕ್‌ಪೋಸ್ಟ್ ದಾಟಲಿಕ್ಕೆ ಪರವಾನಗಿ ಬೇಡ, ನಿರಾಶ್ರಿತರ ಶಿಬಿರ ಇಲ್ಲ, ರಕ್ತದ ಲೆಕ್ಕ ಇಲ್ಲ. ಅವರ ಸಂಕಟವನ್ನು ನಮ್ಮ ರೂಪಕ ಮಾಡಿಕೊಳ್ಳುವುದು ಸರಿಯಲ್ಲ. ನಮ್ಮ ಅನುಭವ ಒಂದು ಪ್ರಶ್ನೆಯನ್ನು ಕೇಳಲಿಕ್ಕೆ ಕಲಿಸಿತು, ಉತ್ತರವನ್ನು ಅಲ್ಲಿಯವರ ಬರಹಗಳಲ್ಲೇ ಹುಡುಕಬೇಕು.